ಚಿಕ್ಕಮಾದುವಿನ ಎಡೆ

ತೆರಕಣಾಂಬಿ
20 ಡಿಸೆಂಬರ್ 2001

ಶಶಿ,

ನೀನು ಗಡಿಯಲ್ಲಿ ಚಳಿಗೆ ಹಲ್ಲು ಕಡಿಯುತ್ತಾ ಕೂತಿರುತ್ತೀಯ ಅಂತ ಗೊತ್ತು. ನಿನ್ನ ಹೊಟ್ಟೆ ಉರಿಸಲೆಂದೇ ಈ ಕಾಗದ. ಮೊನ್ನೆ ಹದಿನಾರನೇ ತಾರೀಖು ನಮ್ಮ ಜವಾನ್ ಬಾರಿನಲ್ಲಿ ನಡೆದ ಸಂಭ್ರಮಕ್ಕೆ ನೀನು ಇರಬೇಕಿತ್ತು ಕಣೋ.

ಯುದ್ಧ ಗೆದ್ದು ಮೂವತ್ತು ವರ್ಷವಾಯಿತಲ್ಲ, ಈ ಸಲ ಜೋರಾಗಿಯೇ ಮಾಡೋಣ ಅಂತ ಮಧ್ಯಾಹ್ನದಿಂದಲೇ ವ್ಯಾಪಾರ ನಿಲ್ಲಿಸಿದ್ದೆ. ಟೇಬಲ್ಲುಗಳನ್ನು ಗೋಡೆಗೆ ಸರಿಸಿ, ಮುಂದೆ ಬೆಂಚು ಹಾಕಿ, ಸುತ್ತಮುತ್ತಲಿನ ಮಾಜಿ ಸೈನಿಕರನ್ನೆಲ್ಲ ಕೂರಿಸಿದೆ. ನಮ್ಮ ತಾಲ್ಲೂಕಿನ ಮದ್ದೂರಿನ ಶಿವಮಲ್ಲಪ್ಪನವರು ಕಾಡಂಚಿನ ಬಸ್ಸು ಹಿಡಿದು ಬಂದರು. ಅವರು ಮಾಂಸ ಮುಟ್ಟುವವರಲ್ಲ, ಅದಕ್ಕೆ ಎದುರಿನ ಹೋಟೆಲಿನಿಂದ ಇಡ್ಲಿ ತರಿಸಿದೆ. ರಮ್ಮನ್ನು ಮಾತ್ರ ಅವರು ಬೇಡ ಅನ್ನಲಿಲ್ಲ! ನಿಮ್ಮಪ್ಪನಿಗೆ, ಅಂದರೆ ನನ್ನ ದೊಡ್ಡಪ್ಪನಿಗೆ, ನಡುಮಧ್ಯದ ಕೈಕುರ್ಚಿ. ಹವಾಲ್ದಾರ್ ರಂಗನಾಯಕರು ಮೆಡಲ್ಲುಗಳನ್ನು ಹಾಕಿಕೊಂಡು ಬಂದು ಕೂತರೆ ಬಾರಿಗೆ ಬಾರೇ ಎದ್ದು ನಿಂತಿತು. ಶಾಲು ಹೊದಿಸಿ ಹಾರ ಹಾಕಿದೆ. ಮಾದೇಶಣ್ಣ ತಂಬೂರಿ ಹಿಡಿದು ಮಾದಪ್ಪನ ಪದ ಶುರು ಮಾಡಿದವನು, ನಡುವೆ ಎಲ್ಲಿಂದಲೋ ದೊಡ್ಡಪ್ಪನ ಹೆಸರನ್ನೂ ಸೇರಿಸಿ ಹಾಡಿಬಿಟ್ಟ. ದೊಡ್ಡಪ್ಪನಿಗೆ ನಾಚಿಕೆ. "ಏ ಬುಡ್ಲಾ ಮಾದೇಸ, ದೇವ್ರ ಪದ್ದೊಳ್ಗೆ ನನ್ ಯಾಕ್ಲಾ ತೂರುಸ್ತೀಯ" ಅಂತ ಗದರಿದರು.

ಆಮೇಲೆ ಎಂದಿನಂತೆ ನಮ್ಮಪ್ಪನಿಗೆ ಎಡೆ. ಫೋಟೋ ಮುಂದೆ ಬಾಳೆ ಎಲೆ ಹಾಸಿ ಮುದ್ದೆ, ತಲೆಮಾಂಸ, ಬೀಡಿಕಟ್ಟು ಎಲ್ಲ ಇಟ್ಟೆ. ಎಡೆಗೆ ಬೇಕಾದ ರಮ್ಮನ್ನು ಮಾತ್ರ ದೊಡ್ಡಪ್ಪ ನನ್ನ ಅಂಗಡಿಯಿಂದ ತೆಗೆಯಲು ಬಿಡುವುದಿಲ್ಲವಲ್ಲ, ಮೈಸೂರಿನ ಮಿಲಿಟರಿ ಕ್ಯಾಂಟೀನಿನಿಂದ ತಮ್ಮ ಕಾರ್ಡಿಗೆ ಬರುವ ಬಾಟಲಿಯನ್ನೇ ಚೀಲದಲ್ಲಿ ತಂದಿದ್ದರು. "ಚಿಕ್ಮಾದು ಬ್ಯಾರೇದ ಮುಟ್ಟಾಕಿಲ್ಲ ಕಣ್ಲಾ, ಇದ್ನೇ ಮಡುಗು" ಎಂದರು. ನಾನು ಅವ್ವನ ಹೊಟ್ಟೆಯಲ್ಲಿದ್ದಾಗಲೇ ಯುದ್ಧದಲ್ಲಿ ಸತ್ತವನ ರುಚಿ ನನಗೇನು ಗೊತ್ತು? ಜೊತೆಗಿದ್ದು ಹೆಣ ಹೊತ್ತವರು ಅವರು. ಅವರು ಹೇಳಿದ್ದೇ ಸರಿ.

ಒಂದು ಸಣ್ಣ ಮಾತು. ದೊಡ್ಡಪ್ಪ ವರ್ಷಕ್ಕೊಂದು ಬಾಟಲಿ ತರುತ್ತಾರೆ ಅಷ್ಟೆ. ಮಿಕ್ಕ ಕೋಟಾ ಸುಮ್ಮನೆ ಹಾಳು. ಬೇರೆ ಹಿರಿಯರದ್ದೂ ಹಾಗೆಯೇ. ತಿಂಗಳಿಗೊಂದು ಶನಿವಾರ ಇವರನ್ನೆಲ್ಲ ಕೂರಿಸಿ ಹಾಡು, ಊಟ ಇಡಬೇಕು ಅಂತ ನನಗೆ ಆಸೆ. ಅವರ ಗಂಟಲಿಗೆ ಅವರದೇ ಮಾಲು ಇದ್ದರೆ ಚೆನ್ನ. ನಾನು ಕೇಳಿದರೆ ದೊಡ್ಡಪ್ಪ ಕಣ್ಣು ಕೆಂಪಗೆ ಮಾಡುತ್ತಾರೆ. ನೀನೊಂದು ಮಾತು ಬರೆ.

ನಿನ್ನ
ಸುಧಾಕರ


56 ಎಪಿಒ
14 ಜನವರಿ 2002

ಪ್ರೀತಿಯ ಸುಧಾಕರನಿಗೆ,

ಸಂಕ್ರಾಂತಿಯ ದಿನವೇ ನಿನ್ನ ಕಾಗದ ಕೈಗೆ ಬಂತು. ಎಳ್ಳುಬೆಲ್ಲಕ್ಕಿಂತ ರುಚಿಯಾಗಿತ್ತು. ಬಂಕರಿನಲ್ಲಿ ಲಾಂದ್ರ ಹಚ್ಚಿಕೊಂಡು ಎರಡು ಸಲ ಓದಿದೆ. ಪಕ್ಕದಲ್ಲಿದ್ದ ಪಂಜಾಬಿಗೆ ಅರ್ಥ ಹೇಳಿದರೆ, "ನಿಮ್ಮೂರಲ್ಲಿ ಹೆಂಡದಂಗಡಿಯಲ್ಲಿ ಸೈನಿಕರಿಗೆ ಹಾರ ಹಾಕ್ತಾರಾ?" ಎಂದು ನಕ್ಕ. ನಮ್ಮೂರಿನದು ಬರೀ ಹೆಂಡದಂಗಡಿಯಲ್ಲ ಎಂದು ಅವನಿಗೆ ಹೇಗೆ ತಿಳಿಸಲಿ? ಮಗು ಹುಟ್ಟಿದರೆ ಅಲ್ಲೇ ಹೆಸರು ಯೋಚಿಸುತ್ತಾರೆ, ಯಾರಾದರೂ ಹೋದರೆ ಅಲ್ಲಿಂದಲೇ ಹೆಗಲು ಕೊಡುವವರು ಏಳುತ್ತಾರೆ ಎಂದೆ.

ಅಪ್ಪನ ವಿಷಯವನ್ನಂತೂ ಮೂರನೇ ಸಲವೂ ಓದಿದೆ. ರಿಟೈರಾಗಿ ಬಂದಮೇಲೆ ಅಪ್ಪನಿಗೆ ಊರಿನಲ್ಲಿ ಹೊಲ ಇತ್ತು, ಮನೆ ಇತ್ತು, ಆದರೆ ಮಾತಿಗೆ ಜನ ಇರಲಿಲ್ಲ. ಯುದ್ಧದ ಕಥೆ ಎಷ್ಟು ದಿನ ಅಂತ ಕೇಳುತ್ತಾರೆ? ನೀನು ಆ ಕುರ್ಚಿ ಹಾಕಿದ ಮೇಲೆ ಅಪ್ಪ ಮತ್ತೆ ಮನುಷ್ಯನಾದ. ಅವ್ವ ಸತ್ತ ವರ್ಷವೂ ಆ ಹದಿನಾರನೇ ತಾರೀಖನ್ನು ತಪ್ಪಿಸಲಿಲ್ಲ. ನೀನು ನನ್ನ ಒಡಹುಟ್ಟಿದವನಲ್ಲ ಎಂದು ಯಾರಾದರೂ ಹೇಳಿದರೆ ಈಗಲೂ ಕಪಾಳಕ್ಕೆ ಕೊಡುತ್ತೇನೆ.

ಕೋಟಾ ವಿಷಯ ಅಪ್ಪನಿಗೂ ಈ ಟಪಾಲಿನಲ್ಲೇ ಬರೆದಿದ್ದೇನೆ. ಆದರೆ ಸುಧಾಕರ, ಅದು ಮಾರುವ ಮಾಲಲ್ಲ. ಬಾಟಲಿಯ ಮೇಲೆಯೇ ಸೈನಿಕರಿಗೆ ಮಾತ್ರ ಎಂದು ಬರೆದಿರುತ್ತದೆ. ಅಪ್ಪ ಪ್ರಾಣ ಬಿಟ್ಟಾನು, ಆ ನಿಯಮ ಬಿಡಲಾರ. ಹಿರಿಯರ ಬಾಯಿ ಬಿಟ್ಟು ಹೊರಗೆ ಒಂದು ಹನಿ ಹೋಗಬಾರದು. ನಿನಗೆ ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳಿದೆ.

ಚಿಕ್ಕವ್ವನಿಗೆ ನನ್ನ ನಮಸ್ಕಾರ ತಿಳಿಸು.

ಶಶಿಕುಮಾರ


ತೆರಕಣಾಂಬಿ
9 ಜೂನ್ 2002

ಶಶಿ,

ತಡವಾಯಿತು, ಬಯ್ಯಬೇಡ. ಬಾರು ಈಗ ನನ್ನನ್ನು ಉಸಿರಾಡಲು ಬಿಡುತ್ತಿಲ್ಲ. ಗುಂಡ್ಲುಪೇಟೆ ಕಡೆಯಿಂದ ಬರುವ ಲಾರಿಗಳೂ ಈಗ ನಮ್ಮಲ್ಲೇ ನಿಲ್ಲುತ್ತವೆ. ಶುಂಠಿ ಹಾಕಲು ಕೇರಳದಿಂದ ಬಂದವರೂ ಸಂಜೆಯಾದರೆ ಇಲ್ಲೇ. ಅವರ ಸಲುವಾಗಿ ನಾನು ಒಂದಿಷ್ಟು ಮಲಯಾಳವನ್ನೂ ಕಲಿತೆ. ಅಣ್ಣ ಅನ್ನಲು "ಚೇಟಾ" ಅಂದರೆ ಸಾಕು, ಇನ್ನೊಂದು ಸುತ್ತು ಹೇಳುತ್ತಾರೆ.

ನಿನ್ನ ಮಾತಿಗೆ ದೊಡ್ಡಪ್ಪ ಒಪ್ಪಿದರು. "ನನ್ ಮಗ ಬರುದವ್ನೆ, ಇನ್ನೇನ್ ಮಾಡನ" ಅಂದರು. ಈಗ ತಿಂಗಳಿಗೊಮ್ಮೆ ಹಿರಿಯರೆಲ್ಲ ಒಟ್ಟಾಗಿ ಮೈಸೂರಿಗೆ ಹೋಗುತ್ತಾರೆ. ಬೆಳಗಿನ ಬಸ್ಸಿಗೆ ಮದುವೆ ದಿಬ್ಬಣದ ಹಾಗೆ ಚೀಲ ಹಿಡಿದು ಹೊರಡುತ್ತಾರೆ ನೋಡು, ನಗು ಬರುತ್ತದೆ. ತಂದದ್ದನ್ನೆಲ್ಲ ನಾನು ಹಿಂದಿನ ಕೋಣೆಯಲ್ಲಿ ಜೋಪಾನವಾಗಿ ಇಡುತ್ತೇನೆ. ಶನಿವಾರ ಮಾದೇಶಣ್ಣನ ಹಾಡು, ಕೈಮ ಉಂಡೆ, ದೊಡ್ಡಪ್ಪನಿಗೆ ಕುರ್ಚಿ. ಕುರ್ಚಿಯ ಬೆನ್ನಿಗೆ ಅವರ ಹೆಸರನ್ನೂ ಬರೆಸಿದ್ದೇನೆ. ಲಾರಿಯವರು ಗೊತ್ತಿಲ್ಲದೆ ಕೂತರೆ ಎಬ್ಬಿಸಿ ಕಳಿಸುತ್ತೇನೆ.

ಆ ಬಾಟಲಿ ಕಂಡರೆ ಶುಂಠಿಯವರು ಬಾಯಿ ಬಾಯಿ ಬಿಡುತ್ತಾರೆ ಕಣೋ. ಅಂಥ ಮಾಲು ಅವರಿಗೆ ಎಲ್ಲಿ ಸಿಗಬೇಕು?

ಅವ್ವ ಚೆನ್ನಾಗಿದ್ದಾಳೆ. ದೊಡ್ಡಪ್ಪನಿಗೆ ಸ್ವಲ್ಪ ಮಂಡಿನೋವು. ಬಸ್ಸಿನಲ್ಲಿ ಓಡಾಡುವುದು ಜಾಸ್ತಿಯಾಯಿತಲ್ಲ.

ಸುಧಾಕರ


56 ಎಪಿಒ
3 ಆಗಸ್ಟ್ 2002

ಸುಧಾಕರ,

ನಿನ್ನ ಕಾಗದದಲ್ಲಿ ಶುಂಠಿಯವರು ಬಾಯಿ ಬಿಡುವ ವಾಕ್ಯ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಹಿಂದಿನ ಕೋಣೆಯಲ್ಲಿ ಇಟ್ಟದ್ದು ಅವರ ಕಣ್ಣಿಗೆ ಹೇಗೆ ಬಿತ್ತು? ತಮಾಷೆಗೆ ಬರೆದೆ ಎಂದುಕೊಳ್ಳುತ್ತೇನೆ. ಹಾಗಿದ್ದರೆ ಒಂದು ಸಾಲು ಬರೆದು ನನ್ನ ಮನಸ್ಸು ಹಗುರ ಮಾಡು.

ಅಪ್ಪನ ಕಾಗದಗಳು ಗಿಡ್ಡವಾಗುತ್ತಿವೆ. ಮೊದಲು ಮಳೆ, ಬೆಳೆ, ಎಮ್ಮೆ, ಬಾರಿನಲ್ಲಿ ಯಾರು ಏನಂದರು, ಮಾದೇಶಣ್ಣ ಯಾವ ಪದ ಹಾಡಿದ, ಎಲ್ಲವನ್ನೂ ಬರೆಯುತ್ತಿದ್ದ. ಈಗ "ನಾನು ಕ್ಷೇಮ, ನೀನು ಹುಷಾರು" ಎನ್ನುವುದರ ಆಚೆಗೆ ಏನೂ ಇಲ್ಲ. ಮಂಡಿನೋವಿನ ವಿಷಯವೂ ನಿನ್ನಿಂದಲೇ ಗೊತ್ತಾಯಿತು. ಅವನು ತಿಂಗಳು ತಿಂಗಳು ಮೈಸೂರಿಗೆ ಅಲೆಯುವುದು ಬೇಡ. ನಾನು ಬರೆದಿದ್ದು ತಪ್ಪಾಯಿತೇನೋ. ನಿಲ್ಲಿಸು. ವರ್ಷಕ್ಕೊಂದು ಎಡೆಯ ಬಾಟಲಿ ಸಾಕು.

ಡಿಸೆಂಬರಿಗೆ ರಜೆ ಕೇಳಿದ್ದೆ, ಸಿಗುವ ಹಾಗೆ ಕಾಣುವುದಿಲ್ಲ. ಅಪ್ಪನನ್ನು ನಿನ್ನ ಕೈಯಲ್ಲಿ ಬಿಟ್ಟಿದ್ದೇನೆ, ನೆನಪಿರಲಿ.

ಶಶಿ


ತೆರಕಣಾಂಬಿ
2 ಜನವರಿ 2003

ಶಶಿ,

ಹೊಸ ವರ್ಷದ ಶುಭಾಶಯ. ನಿನ್ನ ಕಾಗದ ಬಂದಿತ್ತು. ಉತ್ತರ ಬರೆಯಬೇಕು ಬರೆಯಬೇಕು ಅಂದುಕೊಂಡೇ ದಿನ ಹೋದವು.

ಈ ಸಲ ಹದಿನಾರನೇ ತಾರೀಖಿನ ಕಾರ್ಯಕ್ರಮ ಮಾಡಲಿಲ್ಲ. ಸ್ವಲ್ಪ ಅಡಚಣೆಯಾಯಿತು. ಅಬಕಾರಿಯವರು ಬಂದು ಅಂಗಡಿ ನೋಡಿಕೊಂಡು ಹೋದರು. ಅದೆಲ್ಲ ಈ ವ್ಯಾಪಾರದಲ್ಲಿ ಇದ್ದದ್ದೇ, ದೊಡ್ಡ ವಿಷಯವೇನಲ್ಲ, ಸರಿಹೋಯಿತು.

ದೊಡ್ಡಪ್ಪನಿಗೆ ಮೈ ಸರಿಯಿಲ್ಲ. ಈಗೀಗ ಅಂಗಡಿ ಕಡೆ ಬರುತ್ತಿಲ್ಲ. ವಯಸ್ಸಾಯಿತಲ್ಲ. ನೀನು ಅವರಿಗೆ ಬರೆಯುವಾಗ ಇದನ್ನೆಲ್ಲ ಕೆದಕಬೇಡ, ಸುಮ್ಮನೆ ನೊಂದುಕೊಳ್ಳುತ್ತಾರೆ. ಊರಿನವರ ಬಾಯಿ ನಿನಗೆ ಗೊತ್ತಲ್ಲ, ಏನಾದರೂ ಕಿವಿಗೆ ಬಿದ್ದರೆ ನಂಬಬೇಡ. ಏನೇ ಇದ್ದರೂ ನನ್ನನ್ನು ಕೇಳು.

ಸುಧಾಕರ


56 ಎಪಿಒ
17 ಫೆಬ್ರವರಿ 2003

ಸುಧಾಕರ,

ಕೇಳು ಅಂದೆಯಲ್ಲ, ಕೇಳುತ್ತಿದ್ದೇನೆ.

ನಮ್ಮ ಕಂಪನಿಯ ಚಿಕ್ಕಬಸವಯ್ಯ ಚಾಮರಾಜನಗರದವನು. ರಜೆ ಮುಗಿಸಿ ಮೊನ್ನೆ ಬಂದ. ಬಸ್ ಸ್ಟ್ಯಾಂಡಿನಲ್ಲಿ ಅವನ ಯೂನಿಫಾರಂ ನೋಡಿ ಮಾದೇಶಣ್ಣ ತಾನಾಗಿಯೇ ಬಂದು ನನ್ನ ಹೆಸರು ಹೇಳಿ ಮಾತಾಡಿಸಿದನಂತೆ. ತಂಬೂರಿ ಮಡಿಲಲ್ಲಿಟ್ಟುಕೊಂಡು ಎಲ್ಲವನ್ನೂ ಹೇಳಿದನಂತೆ. ಹೇಳುವಾಗ ಅತ್ತನಂತೆ.

ಕಾರ್ಯಕ್ರಮ ಮಾಡಲಿಲ್ಲ ಎಂದು ನೀನು ಬರೆದೆ. ಮಾಡಿದ್ದೆ. ಬೆಂಚು ಹಾಕಿದ್ದೆ. ಅಪ್ಪ ಮೆಡಲ್ ಹಾಕಿಕೊಂಡು ಬಂದಿದ್ದ. ನೀನೇ ಶಾಲು ಹೊದಿಸಿ ಹಾರ ಹಾಕಿದ್ದೆ. ಮಾದೇಶಣ್ಣ ಪದ ಹೇಳುತ್ತಿರುವಾಗಲೇ ಅಬಕಾರಿಯವರು ಒಳಗೆ ಬಂದರು. ಹಿಂದಿನ ಕೋಣೆಯಿಂದ ಸೈನಿಕರ ಬಾಟಲಿಗಳನ್ನು ಹೊರಗೆ ತಂದು ಟೇಬಲ್ಲಿನ ಮೇಲೆ ಜೋಡಿಸಿದರು. ಲಾರಿಯವರಿಗೂ ಶುಂಠಿಯವರಿಗೂ ನೀನು ಮಾರುತ್ತಿದ್ದದ್ದು ಅವರಿಗೆ ಮೊದಲೇ ಗೊತ್ತಿತ್ತು. "ಯಾರದಿದು?" ಎಂದು ಕೇಳಿದರು. ನೀನು ಏನಂದೆ ಎಂದು ಮಾದೇಶಣ್ಣ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಂದಲ್ಲ ಸಾ. ಮಿಲ್ಟ್ರಿಯವ್ರು ತಂದು ಮಡೀಕತಾರೆ, ಅವ್ರೇ ಮಾರ್ಕತಾರೆ. ನಂಗ್ ಗೊತ್ತಿಲ್ಲ" ಅಂದೆಯಂತೆ. ಅಂದು, ಆ ಕುರ್ಚಿಯ ಕಡೆ ಬೆರಳು ತೋರಿಸಿದೆಯಂತೆ. ನೀನೇ ಹೆಸರು ಬರೆಸಿದ ಕುರ್ಚಿ.

ಅಪ್ಪ ಎದ್ದು ನಿಂತನಂತೆ. ಒಂದು ಸಲ ನಿನ್ನ ಮುಖ ನೋಡಿದನಂತೆ, ಆಮೇಲೆ ಗೋಡೆಯ ಮೇಲಿದ್ದ ನಿಮ್ಮಪ್ಪನ ಫೋಟೋ ನೋಡಿದನಂತೆ. "ಊಂ ಸ್ವಾಮಿ, ನಂದೇಯ" ಅಂದನಂತೆ. ಹಾಗೆ ಅನ್ನುವುದು ಬಿಟ್ಟು ಅವನಿಗೆ ಬೇರೆ ಏನು ಗೊತ್ತಿತ್ತು? ಚಿಕ್ಕಮಾದುವಿನ ಮಗನನ್ನು ಜೀಪು ಹತ್ತಿಸುವುದಕ್ಕೆ ಅವನ ಕೈಲಿ ಆಗುತ್ತಿತ್ತಾ? ಅವನನ್ನು ಕರೆದುಕೊಂಡು ಹೋದರು. ಕೊರಳಲ್ಲಿ ನಿನ್ನ ಹಾರ ಹಾಗೇ ಇತ್ತಂತೆ. ತೆಗೆಯಬೇಕು ಅಂತ ಒಬ್ಬರಿಗೂ ತೋಚಲಿಲ್ಲವಂತೆ.

ಬಿಟ್ಟು ಕಳಿಸಿದರಂತೆ, ಕೇಸು ಉಳಿಯಿತು, ಕ್ಯಾಂಟೀನ್ ಕಾರ್ಡು ಹೋಯಿತು. ಅಪ್ಪನಿಗೆ ಕಾರ್ಡು ಏನು ದೊಡ್ಡದಲ್ಲ. ಆದರೆ ಸೈನ್ಯದ ಮಾಲು ಮಾರಿಕೊಂಡ ಹವಾಲ್ದಾರ ಎಂದು ಊರು ಮಾತಾಡುತ್ತಿದೆ. ಮದ್ದೂರಿನ ಶಿವಮಲ್ಲಪ್ಪನವರು ಎದುರಿಗೆ ಸಿಕ್ಕರೂ ಮುಖ ತಿರುಗಿಸಿದರಂತೆ. ಅವರ ಬಾಟಲಿಗಳನ್ನೂ ಅಪ್ಪನೇ ಮಾರಿದ ಎಂದು ಅವರು ನಂಬಿದ್ದಾರೆ. ಅಪ್ಪ ಈಗ ಮನೆಯ ಜಗಲಿಗೂ ಬಂದು ಕೂರುವುದಿಲ್ಲವಂತೆ.

ನನಗೆ ಒಂದೇ ಉತ್ತರ ಬೇಕು. ನೀನು ತೋರಿಸಿದೆಯಾ, ಇಲ್ಲವಾ?

ಶಶಿಕುಮಾರ


ತೆರಕಣಾಂಬಿ
11 ಮಾರ್ಚ್ 2003

ಶಶಿ,

ಮಾದೇಶಣ್ಣ ಪದ ಕಟ್ಟುವವನು. ಕಂಡದ್ದಕ್ಕೆ ಕಾಣದ್ದನ್ನು ಸೇರಿಸುವುದೇ ಅವನ ಕಸುಬು.

ಬೆರಳು ತೋರಿಸಲಿಲ್ಲ. ತಿರುಗಿ ನೋಡಿದೆ ಅಷ್ಟೆ. ಅಂಥ ಹೊತ್ತಿನಲ್ಲಿ ಮನುಷ್ಯ ದೊಡ್ಡವರ ಕಡೆ ತಿರುಗಿ ನೋಡದೆ ಇನ್ನೆಲ್ಲಿ ನೋಡುತ್ತಾನೆ? ದೊಡ್ಡಪ್ಪ ತಾವಾಗಿಯೇ ಒಪ್ಪಿಕೊಂಡರು. ನಾನು ಕೇಳಿಕೊಳ್ಳಲಿಲ್ಲ. ನೀನು ಅಷ್ಟು ದೂರ ಕೂತು ನ್ಯಾಯ ಹೇಳುವುದು ಸುಲಭ. ನನ್ನ ಲೈಸೆನ್ಸು ಹೋಗಿದ್ದರೆ ಬಾರು ಮುಚ್ಚುತ್ತಿತ್ತು. ಅಡುಗೆಯವರು, ಸಪ್ಲೈಯರುಗಳು, ಅವ್ವ, ಎಲ್ಲರೂ ಬೀದಿಗೆ ಬೀಳುತ್ತಿದ್ದರು. ಮಾದೇಶಣ್ಣನ ಹಾಡಿಗೆ ಜಾಗ ಎಲ್ಲಿರುತ್ತಿತ್ತು? ನಿಮ್ಮಪ್ಪನ ಕುರ್ಚಿಗೆ ಜಾಗ ಎಲ್ಲಿರುತ್ತಿತ್ತು? ವಯಸ್ಸಾದ ಮಾಜಿ ಸೈನಿಕರು, ಅವರಿಗೆ ಯಾರೂ ಏನೂ ಮಾಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಹಾಗೆಯೇ ಆಯಿತಲ್ಲ, ಸಂಜೆಗೆ ಮನೆಗೆ ಬಂದರಲ್ಲ.

ಹೌದು, ಒಂದಿಷ್ಟು ಹೊರಗೆ ಹೋಯಿತು. ಇಲ್ಲವೆನ್ನುವುದಿಲ್ಲ. ಹಿರಿಯರು ಒಂದು ಲೋಟ ಕುಡಿದು ಎದ್ದು ಹೋಗುತ್ತಿದ್ದರು, ಮಿಕ್ಕದ್ದನ್ನು ಏನು ಮಾಡಲಿ, ಗಿಡಕ್ಕೆ ಹಾಕಲಾ?

ಇನ್ನೊಂದು ಮಾತು. ದೊಡ್ಡಪ್ಪ ಮೊದಲು ಒಪ್ಪಿರಲಿಲ್ಲ. ಅವರನ್ನು ಒಪ್ಪಿಸಿದ ಕಾಗದ ಯಾರದು ಅಂತ ಯೋಚಿಸಿ ಆಮೇಲೆ ನನ್ನನ್ನು ಬಯ್ಯಿ.

ಸುಧಾಕರ


ತೆರಕಣಾಂಬಿ
28 ಅಕ್ಟೋಬರ್ 2003

ಶಶಿ,

ನನ್ನ ಕಾಗದಕ್ಕೆ ನಿನ್ನಿಂದ ಉತ್ತರವೇ ಇಲ್ಲ. ಕೋಪದಲ್ಲಿ ಏನೋ ಬರೆದೆ, ಬಿಟ್ಟುಬಿಡು. ಅಣ್ಣತಮ್ಮಂದಿರಲ್ಲಿ ಇದೆಲ್ಲ ಇಲ್ಲವಾ?

ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮುದ್ದೆ ತಂದು ಮುಂದೆ ಕುಕ್ಕಿ ಹೋಗುತ್ತಾಳೆ. ಮಾದೇಶಣ್ಣ ಹಾಡಲು ಬರುತ್ತಿಲ್ಲ, ಶನಿವಾರ ಈಗ ಟಿವಿ ಹಾಕುತ್ತೇನೆ. ವ್ಯಾಪಾರ ಕಮ್ಮಿಯಿಲ್ಲ, ಆದರೂ ಬಾರು ಬಿಕೋ ಅನ್ನುತ್ತದೆ.

ಈ ಡಿಸೆಂಬರಿಗೆ ದೊಡ್ಡದಾಗಿ ಮಾಡುತ್ತಿದ್ದೇನೆ. ಗುಂಡ್ಲುಪೇಟೆಯಿಂದ ಆರ್ಕೆಸ್ಟ್ರಾ ಗೊತ್ತು ಮಾಡಿದ್ದೇನೆ. ಬಾರಿನ ಮುಂದೆ "ವೀರಯೋಧ ರಂಗನಾಯಕರಿಗೆ ಸನ್ಮಾನ" ಅಂತ ಬಣ್ಣದ ಬೋರ್ಡು ಬರೆಸಿದ್ದೇನೆ. ಊರು ನೋಡಲಿ. ಎಲ್ಲ ಮರೆತುಹೋಗುತ್ತದೆ. ದೊಡ್ಡಪ್ಪ ಬಂದು ಆ ಕುರ್ಚಿಯಲ್ಲಿ ಕೂತರೆ ಸಾಕು. ನೀನು ಒಂದು ಮಾತು ಬರೆ. ನಿನ್ನ ಮಾತನ್ನು ಅವರು ತೆಗೆದುಹಾಕುವುದಿಲ್ಲ.

ಸುಧಾಕರ


ಗುಂಡ್ಲುಪೇಟೆ ಬಸ್ ಸ್ಟ್ಯಾಂಡು
19 ಡಿಸೆಂಬರ್ 2003

ಸುಧಾಕರ,

ರಜೆಗೆ ಬಂದಿದ್ದೆ. ನಿನಗೂ ಗೊತ್ತಾಗಿರುತ್ತದೆ. ನಿನ್ನ ಬಾರಿಗೂ ನಮ್ಮ ಮನೆಗೂ ನಡುವೆ ಒಂದೇ ಬೀದಿ. ಆ ಬೀದಿ ದಾಟಲು ನನಗೂ ಆಗಲಿಲ್ಲ, ನಿನಗೂ ಆಗಲಿಲ್ಲ. ಈಗ ವಾಪಸು ಹೊರಟಿದ್ದೇನೆ. ಬಸ್ಸು ಬರುವುದು ತಡ, ಬೆಂಚಿನ ಮೇಲೆ ಕೂತು ಇದನ್ನು ಬರೆದು ಇಲ್ಲೇ ಅಂಚೆಗೆ ಹಾಕುತ್ತೇನೆ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಅಪ್ಪನನ್ನು ಒಪ್ಪಿಸಿದ ಕಾಗದ ನನ್ನದೇ. ನಾನು ಅದನ್ನು ಬರೆದದ್ದು ನಿನ್ನನ್ನು ನಂಬಿ.

ಹದಿನಾರನೇ ತಾರೀಖಿನ ವಿಷಯ ಹೇಳಬೇಕು. ಬೆಳಿಗ್ಗೆ ಚಿಕ್ಕವ್ವ ಬಂದಳು. ಪುಟ್ಟಸಿದ್ದಮ್ಮ ನಿನ್ನ ಅವ್ವ ಎನ್ನುವುದು ನಿನಗೆ ನೆನಪಿದೆ ತಾನೆ? ಸೆರಗಿನೊಳಗೆ ನಿಮ್ಮಪ್ಪನ ಫೋಟೋ ಇತ್ತು. ನಿನ್ನ ಗೋಡೆಯಿಂದ ಬಿಚ್ಚಿಕೊಂಡು ಬಂದಿದ್ದಳು. "ಅಣ್ಣ, ಇವ್ರ ಇಲ್ಲೇ ಮಡೀಕ. ಅಲ್ಲಿ ಕುಂತು ಅದೆಲ್ಲಾನೂ ನೋಡಿದ್ದು ಸಾಕು" ಎಂದಳು. ಅಪ್ಪ ಗೋಡೆಯಲ್ಲಿ ತನ್ನ ಫೋಟೋ ಇದ್ದ ಮೊಳೆಗೇ ಅದನ್ನು ನೇತುಹಾಕಿದ.

ಎಡೆಗೆ ಎಲ್ಲ ಅಡುಗೆಯಾಯಿತು. ರಮ್ಮು ಇರಲಿಲ್ಲ. ಕಾರ್ಡು ಇಲ್ಲವಲ್ಲ. ನನ್ನ ಟ್ರಂಕಿನಲ್ಲಿ ನನ್ನ ಕೋಟಾದ ಬಾಟಲಿ ಒಂದಿತ್ತು. ಅಪ್ಪ ಮುಟ್ಟಲು ಬಿಡಲಿಲ್ಲ. "ಬ್ಯಾಡ. ಆ ಬಾಟ್ಲಿ ಈ ಮನೇಲಿ ಕಾಣ್ಕೂಡ್ದು" ಎಂದ. ಲೋಟದಲ್ಲಿ ನೀರಿಟ್ಟ.

ಆದರೂ ಎಡೆ ಹಾಕಲಿಲ್ಲ. ಮಗನಿದ್ದ ಮೇಲೆ ಮಗನೇ ಹಾಕಬೇಕು ಎನ್ನುವುದು ಅವನ ಹಟ. ಮಾದೇಶಣ್ಣನನ್ನು ನಿನ್ನ ಹತ್ತಿರ ಕಳಿಸಿದ. ಏನು ಹೇಳಿ ಕಳಿಸಿದ ಗೊತ್ತಾ? "ಬಂದು ಅವ್ರಪ್ಪಂಗೆ ಎಡೆ ಆಕೋಗ್ಲಿ. ನಾನೇನೂ ಕೇಳಾಕಿಲ್ಲ ಅನ್ನು." ಇಷ್ಟೇ. ಇಷ್ಟಕ್ಕೆ ನೀನು ಬರಬಹುದಿತ್ತು. ಮಾದೇಶಣ್ಣ ಹಿಂದಕ್ಕೆ ಬಂದು, "ಆರ್ಕೆಸ್ಟ್ರಾದವ್ರು ಬಂದವ್ರೆ, ಬುಡುವಿಲ್ಲ ಅಂದ" ಎಂದ.

ಆಮೇಲೆ ನಿನ್ನ ಮೈಕು ಶುರುವಾಯಿತು. ನಮ್ಮ ಮನೆಯೊಳಗೆ ಪ್ರತಿ ಮಾತೂ ಕೇಳುತ್ತಿತ್ತು. ಹಾಡು, ಶಿಳ್ಳೆ, ಭಾಷಣ. ನೀನೇ ಮೈಕು ಹಿಡಿದು "ನಮ್ಮ ಹೆಮ್ಮೆಯ ವೀರಯೋಧ ಹವಾಲ್ದಾರ್ ರಂಗನಾಯಕರು" ಎಂದು ಕೂಗಿದೆ. ಚಪ್ಪಾಳೆ ಬಿತ್ತು. ಕುರ್ಚಿಗೆ ಹಾರ ಹಾಕಿದೆಯಂತೆ, ಆಮೇಲೆ ತಿಳಿಯಿತು. ಇಲ್ಲಿ ಏನಾಯಿತು ಹೇಳುತ್ತೇನೆ ಕೇಳು. ಗೋಡೆಗೆ ಒರಗಿ ಕೂತಿದ್ದ ಅಪ್ಪ ತನ್ನ ಹೆಸರು ಕಿವಿಗೆ ಬಿದ್ದದ್ದೇ ಬೆನ್ನು ನೆಟ್ಟಗೆ ಮಾಡಿಕೊಂಡ. ಅಂಗಿಯ ಗುಂಡಿ ಹಾಕಿಕೊಂಡ. ನಮ್ಮನ್ನು ನೋಡಿ ಮತ್ತೆ ಬಿಚ್ಚಿದ. ಸುಧಾಕರ, ಗಡಿಯಲ್ಲಿ ಬಹಳ ನೋಡಿದ್ದೇನೆ. ಇದನ್ನು ನೋಡಲು ನನ್ನಿಂದ ಆಗಲಿಲ್ಲ. ಎದ್ದು ಹಿತ್ತಿಲಿಗೆ ಹೋದೆ.

ಚಿಕ್ಕವ್ವ ನನ್ನ ಹಿಂದೆಯೇ ಬಂದು ಕೈ ಹಿಡಿದಳು. "ಬಾ ಮಗ, ನೀನೇ ಆಕು. ನನ್ ಗಂಡಂಗೆ ಮಗ ಇಲ್ಲ ಅನ್ಸಬ್ಯಾಡ" ಎಂದಳು. ಎಡೆ ನಾನು ಹಾಕಿದೆ. ಬೀಡಿ ಹಚ್ಚಿಟ್ಟೆ, ಧೂಪ ಹಾಕಿದೆ, ಅಡ್ಡಬಿದ್ದೆ. ಮಾದೇಶಣ್ಣ ತಂಬೂರಿ ಮೀಟಿ ಸಣ್ಣದಾಗಿ ಪದ ಹೇಳಿದ. ಇನ್ನು ಮುಂದೆ ಪ್ರತಿ ವರ್ಷ ನಾನೇ ಹಾಕುತ್ತೇನೆ. ನಾನಿಲ್ಲದ ವರ್ಷ ಅಪ್ಪ ಹಾಕುತ್ತಾನೆ. ನೀನು ಆ ಚಿಂತೆ ಬಿಡು.

ಎಡೆ ಎತ್ತಿದ ಮೇಲೆ ಎಲ್ಲರೂ ಉಣ್ಣಲು ಕೂತೆವು. ಅಪ್ಪ ಮಾತ್ರ ಒಂದು ಎಲೆಯಲ್ಲಿ ಮುದ್ದೆ, ಸಾರು, ಮಾಂಸದ ತುಂಡು ಬಡಿಸಿ, ಮೇಲೆ ತಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟ. ಯಾರಿಗೆ ಎಂದು ಕೇಳಿದೆ.

"ಸುದಾಕರಂಗೆ. ಆ ಗದ್ಲ ಮುಗುದ್ಮೇಲೆ ಬತ್ತನೆ ಬುಡು" ಎಂದ.

ಇಷ್ಟಾದ ಮೇಲೂ ನಿನ್ನ ಪಾಲು ತೆಗೆದಿಟ್ಟ ಮುದುಕನಿಗೆ ನಾನು ಏನು ಹೇಳಲಿ? ಬಾಗಿಲಿಗೆ ಅಗುಳಿ ಹಾಕಲು ಬಿಡಲಿಲ್ಲ. ಮೈಕು ನಿಂತಿತು, ಲಾರಿಗಳ ಸದ್ದೂ ನಿಂತಿತು. ನೀನು ಬರಲಿಲ್ಲ.

ಬೆಳಿಗ್ಗೆ ಎದ್ದಾಗ ತಟ್ಟೆ ಮುಚ್ಚಿದ ಹಾಗೆಯೇ ಇತ್ತು. ಅಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ, ಹೊಲದ ಕಡೆ ಹೋದ. ನಾನು ಆ ಎಲೆಯನ್ನು ತೆಗೆದುಕೊಂಡು ಮಾಡಿನ ಹೆಂಚಿನ ಮೇಲೆ ಇಟ್ಟು ಕಾಗೆಯನ್ನು ಕರೆದೆ. ಸತ್ತವರ ಪಾಲನ್ನು ನಮ್ಮಲ್ಲಿ ಹಾಗೆ ತಾನೆ ಕೊಡುವುದು. ಹೋದವರಿಗೆ ಇನ್ನೂ ಈ ಮನೆಯ ಋಣ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ ಎನ್ನುತ್ತಾರೆ. ನಿಂತು ಕಾದೆ.

ಕಾಗೆ ಬಂತು. ಮುಟ್ಟಿತು.

ಶಶಿಕುಮಾರ